ಮೋನೆ ನಿಜವಾಗಿ ರೈಲು ನಿಲ್ಲಿಸಿದ್ನಾ? ಹೊಗೆಯೇ ಇಲ್ಲದ ಸ್ಟೇಷನ್‌ನಲ್ಲಿ ಏನು ಬಿಡಿಸೋದು?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಬ್ಯಾಂಕ್ ಕೆಲಸ, ರಜೆಯಲ್ಲಿ ಚಿತ್ರ ಬಿಡಿಸುತ್ತೇನೆ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೋನೆ ಬಿಡಿಸಿದ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ಸ್ಟೇಷನ್ ಚಿತ್ರಗಳನ್ನು ನೋಡಿದ ಮೇಲೆ ನಮ್ಮೂರ ಸ್ಟೇಷನ್ ಮೇಲೂ ಒಂದು ಸರಣಿ ಮಾಡೋಣ ಅನ್ನಿಸಿದೆ. ಆದರೆ ಗೆಳೆಯರು ತಲೆಗೊಂದು ಮಾತು ಹೇಳ್ತಾರೆ. ಮೋನೆ ರೈಲ್ವೆ ಸಾಹೇಬರನ್ನು ಮಾತಲ್ಲೇ ಮರುಳು ಮಾಡಿ ರೈಲುಗಳನ್ನೇ ನಿಲ್ಲಿಸಿದ್ದನಂತೆ, ನಮಗೆ ಅದೆಲ್ಲಾ ಎಲ್ಲಿಂದ ಬರಬೇಕು ಅಂತ ಒಬ್ಬ. ಅಲ್ಲೇ ಕೂತು ಒಂದೇ ಸಲಕ್ಕೆ ಮುಗಿಸಿದರೆ ಮಾತ್ರ ಇಂಪ್ರೆಷನಿಸಂ (ಆ ಕ್ಷಣದ ಬೆಳಕನ್ನು ಹಿಡಿಯುವ ಮೋನೆ ಗುಂಪಿನ ಶೈಲಿ) ಅಂತ ಇನ್ನೊಬ್ಬ. ಕಪ್ಪು ಬಣ್ಣ ಮುಟ್ಟಲೇಬಾರದು ಅಂತ ಮತ್ತೊಬ್ಬ. ಫೋಟೋ ನೋಡಿ ಎರಡು ಚಿತ್ರ ಮಾಡಿದೆ, ಕ್ಯಾಲೆಂಡರ್ ಚಿತ್ರದ ಹಾಗೆ ಸಪ್ಪೆಯಾಗಿವೆ. ಈಗ ಹಬೆ ಇಂಜಿನ್ನೂ ಇಲ್ಲ, ಎಲ್ಲಾ ಕರೆಂಟ್ ರೈಲು. ಈ ಕಾಲದಲ್ಲಿ ಸ್ಟೇಷನ್ ಬಿಡಿಸೋದರಲ್ಲಿ ಅರ್ಥ ಇದೆಯಾ?

ಉತ್ತರ: ಪ್ರಶ್ನೆ ನಾಲ್ಕೈದು ಇವೆ, ಆದರೆ ಅಳುಕು ಒಂದೇ. ಮೋನೆಗೆ ಸಿಕ್ಕಿದ್ದು ನಿಮಗೆ ಸಿಕ್ಕಿಲ್ಲ, ಅಲ್ವಾ? ಅವನಿಗೆ ಹಬೆ ಇತ್ತು, ಸಾಹೇಬರ ಕೃಪೆ ಇತ್ತು, ನಿಮಗೆ ಎರಡೂ ಇಲ್ಲ. ಚಿತ್ರಕಲೆ ಕಲಿಸುವ ಕೆಲಸದಲ್ಲಿ ಈ ಥರದ ಮಾತು ನನಗೆ ಪದೇ ಪದೇ ಸಿಗುತ್ತದೆ, ಮುಕ್ಕಾಲುಪಾಲು ಅದರ ಹಿಂದೆ ಇರುವುದು ಯಾರೋ ಹೇಳಿದ ಒಂದು ಚೆಂದದ ಕತೆ.

ಸಾಹೇಬರ ಕತೆ ಮೊದಲು. ಮೋನೆ ತನ್ನ ಅತ್ಯುತ್ತಮ ಬಟ್ಟೆ ಹಾಕಿಕೊಂಡು, ಚಿನ್ನದ ಹಿಡಿಯ ಬೆತ್ತ ಹಿಡಿದು ಆ ಸ್ಟೇಷನ್ ನಡೆಸುತ್ತಿದ್ದ ಫ್ರಾನ್ಸಿನ ಪಶ್ಚಿಮ ರೈಲ್ವೆಯ ನಿರ್ದೇಶಕರ ಹತ್ತಿರ ಹೋದನಂತೆ. ನಾನು ಚಿತ್ರಕಾರ ಮೋನೆ, ನಿಮ್ಮ ಸ್ಟೇಷನ್ ಬಿಡಿಸೋಣ ಅಂತಿದ್ದೇನೆ, ಉತ್ತರದ ಸ್ಟೇಷನ್ ಬಿಡಿಸಲೋ ನಿಮ್ಮದೋ ಅಂತ ಯೋಚನೆಯಲ್ಲಿದ್ದೆ, ನಿಮ್ಮದರಲ್ಲೇ ಜಾಸ್ತಿ ಕಳೆ ಇದೆ ಅಂದನಂತೆ. ನಿರ್ದೇಶಕರಿಗೆ ಚಿತ್ರಕಲೆಯ ಗಂಧ ಇಲ್ಲ. ಯಾರೋ ದೊಡ್ಡ ಮನುಷ್ಯ ಇರಬೇಕು ಅಂತ ಪ್ಲಾಟ್‌ಫಾರ್ಮ್ ಖಾಲಿ ಮಾಡಿಸಿ, ಇಂಜಿನ್‌ಗಳಿಗೆ ಕಲ್ಲಿದ್ದಲು ತುಂಬಿಸಿ, ಮೋನೆಗೆ ಬೇಕಾದಷ್ಟು ಹೊಗೆ ಬಿಡಿಸಿದರಂತೆ. ರೂವಾನ್‌ಗೆ ಹೋಗುವ ಗಾಡಿ ಕೂಡ ಬೆಳಕು ಸರಿಯಾಗುವ ತನಕ ಕಾಯಿತಂತೆ.

ಇದು ಬಂದಿರುವುದು ಚಿತ್ರಕಾರ ಒಗುಸ್ತ್ ರೆನ್ವಾರ್‌ನ ಮಗ ಜ್ಯಾನ್ ರೆನ್ವಾರ್ 1962ರಲ್ಲಿ ಹೊರತಂದ ತಂದೆಯ ನೆನಪುಗಳ ಪುಸ್ತಕದಿಂದ. ಮೋನೆ ಸ್ಟೇಷನ್ ಬಿಡಿಸಿದ್ದು 1877ರಲ್ಲಿ. ಜ್ಯಾನ್ ಹುಟ್ಟಿದ್ದು 1894ರಲ್ಲಿ. ವಯಸ್ಸಾದ ಅಪ್ಪ ಗೆಳೆಯನ ಬಗ್ಗೆ ನಗುತ್ತಾ ಹೇಳಿದ್ದನ್ನು ಮಗ ನಲವತ್ತು ವರ್ಷ ಕಳೆದ ಮೇಲೆ ಬರೆದಿದ್ದು. ಮಗ ಸಿನಿಮಾ ನಿರ್ದೇಶಕ ಬೇರೆ. ದೃಶ್ಯ ಕಟ್ಟೋದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇದರಲ್ಲಿ ಗಟ್ಟಿ ಅನ್ನಬಹುದಾದ್ದು ಇಷ್ಟೇ: ಮೋನೆ ರೈಲ್ವೆಯವರ ಅನುಮತಿ ಪಡೆದೇ ಒಳಗೆ ಕೂತು ಕೆಲಸ ಮಾಡಿದ. ಉಳಿದದ್ದನ್ನು ನಾನು ನಂಬೋದಿಲ್ಲ. ಸೇಂಟ್ ಲಜಾರ್ ಪ್ಯಾರಿಸ್ಸಿನಲ್ಲೇ ತುಂಬಾ ಗಿಜಿಗುಡುವ ಸ್ಟೇಷನ್, ಸುತ್ತಲ ಊರುಗಳಿಂದ ಕೆಲಸಕ್ಕೆ ಬರುವವರು, ನಾರ್ಮಂಡಿ ಕಡೆಗೆ ಹೋಗುವವರು ಎಲ್ಲಾ ಅಲ್ಲೇ. ಹೆಸರಿಲ್ಲದ ಒಬ್ಬ ಚಿತ್ರಕಾರನಿಗೋಸ್ಕರ ಅಂಥ ಕಡೆ ಗಾಡಿ ನಿಲ್ಲಿಸ್ತಾರಾ?

ಚಿತ್ರಗಳನ್ನೇ ನೋಡಿ. ಖಾಲಿ ಮಾಡಿಸಿದ ಪ್ಲಾಟ್‌ಫಾರ್ಮ್ ಎಲ್ಲೂ ಇಲ್ಲ. ಜನ ಇದ್ದಾರೆ, ಆದರೆ ಮುಖ ಇಲ್ಲ, ಕುಂಚದ ಎರಡು ಮೂರು ಗೀಟಿನಲ್ಲಿ ಮುಗಿದಿದ್ದಾರೆ. ಸರಿಯುವವರನ್ನು ಸರಿಯುತ್ತಿದ್ದಾಗಲೇ ಹಿಡಿದ ಹಾಗಿದೆ. ಅವನ ಸ್ಕೆಚ್ ಪುಸ್ತಕಗಳು ಪ್ಯಾರಿಸ್ಸಿನ ಮಾರ್ಮೊತಾನ್ ಮ್ಯೂಸಿಯಂನಲ್ಲಿವೆ. ಅವುಗಳಲ್ಲಿ ಸ್ಟೇಷನ್ನಿನ ಪೆನ್ಸಿಲ್ ಗೀಟುಗಳಿವೆ: ಛಾವಣಿಯ ಕೋನ, ಇಂಜಿನ್ ನಿಂತ ಜಾಗ, ಸೇತುವೆಯ ಗೆರೆ. ರೈಲು ನಿಲ್ಲಿಸುವ ತಾಕತ್ತು ಇದ್ದವನಿಗೆ ಈ ಅವಸರದ ಗೀಟುಗಳು ಯಾಕೆ ಬೇಕಿತ್ತು?

ನಿಜವಾದ ಸಹಾಯ ಮಾಡಿದ್ದು ಗೆಳೆಯ ಗುಸ್ತಾವ್ ಕೈಬಾಟ್. ಅವನೂ ಚಿತ್ರಕಾರನೇ, ಆದರೆ ದುಡ್ಡಿದ್ದ ಮನೆತನ. ಸ್ಟೇಷನ್‌ಗೆ ಹತ್ತಿರ ಮಾನ್ಸೆ ರಸ್ತೆಯಲ್ಲಿ ಮೋನೆಗೆ ಒಂದು ಚಿಕ್ಕ ಜಾಗ ಹಿಡಿದುಕೊಟ್ಟು ಬಾಡಿಗೆ ತಾನೇ ಕಟ್ಟಿದ. ಮೋನೆ ಆಗ ಅರ್ಜಾಂತೈ ಅನ್ನೋ ಊರಲ್ಲಿ ಸಂಸಾರ ಮಾಡಿಕೊಂಡಿದ್ದ, ದಿನಾ ಕ್ಯಾನ್ವಾಸ್ ಹೊತ್ತು ರೈಲಲ್ಲಿ ಓಡಾಡುವ ಕಷ್ಟ ಇದರಿಂದ ತಪ್ಪಿತು. ಒದ್ದೆ ಚಿತ್ರ ಇಡಲು, ಸ್ಟೇಷನ್‌ನಲ್ಲಿ ಅರ್ಧ ಮಾಡಿದ್ದನ್ನು ಮುಗಿಸಲು ಒಂದು ಕೋಣೆ ಸಿಕ್ಕಿತು. ಚಿನ್ನದ ಬೆತ್ತಕ್ಕಿಂತ ಈ ಕೋಣೆಯೇ ದೊಡ್ಡ ವಿಷಯ ಅಂತ ನನ್ನ ಲೆಕ್ಕ. ಆದರೆ ಬಾಡಿಗೆ ಚೀಟಿ ಬಗ್ಗೆ ಯಾರು ಕತೆ ಹೇಳ್ತಾರೆ!

ಇಲ್ಲೇ ನಿಮ್ಮ ಎರಡನೇ ಗೆಳೆಯನ ಮಾತಿಗೂ ಉತ್ತರ ಇದೆ. ಒಂದೇ ಸಲಕ್ಕೆ, ಅಲ್ಲೇ ಕೂತು ಮುಗಿಸಬೇಕು ಅನ್ನೋದು ಇಂಪ್ರೆಷನಿಸ್ಟರು ತಮ್ಮ ಬಗ್ಗೆ ತಾವೇ ಇಷ್ಟಪಟ್ಟು ಹಬ್ಬಿಸಿದ ಮಾತು. ಅರ್ಧ ನಿಜ. ಸೇಂಟ್ ಲಜಾರ್‌ನ ಒಟ್ಟು 12 ಚಿತ್ರಗಳಲ್ಲಿ ಕೆಲವು ಸರಸರನೆ ಹಚ್ಚಿದವು, ಹತ್ತಿರದಿಂದ ನೋಡಿದರೆ ಕ್ಯಾನ್ವಾಸ್ ಇಣುಕುತ್ತದೆ. ಇನ್ನು ಕೆಲವು ಪದರದ ಮೇಲೆ ಪದರ ಕೂತು ಗಟ್ಟಿಯಾದವು, ಮೊದಲ ಬಣ್ಣ ಒಣಗಿದ ಮೇಲೆ ಮತ್ತೆ ಮತ್ತೆ ಮುಟ್ಟಿದವು. ಎರಡನ್ನೂ ಅವನು ಬಿಡಿಸಿದ, ಯಾವುದಕ್ಕೂ ನಾಚಿಕೆ ಪಡಲಿಲ್ಲ. 1877ರ ಏಪ್ರಿಲ್‌ನಲ್ಲಿ ಗುಂಪಿನ ಮೂರನೇ ಪ್ರದರ್ಶನ ನಡೆದಾಗ ಇವುಗಳಲ್ಲಿ ಕನಿಷ್ಠ ಏಳನ್ನು ಗೋಡೆಗೆ ಹಾಕಿದ. ಹಲವು ಇಂಜಿನ್ ಒಟ್ಟಿಗೆ ಸೀಟಿ ಊದಿದ ಹಾಗಿದೆ ಅಂತ ಒಬ್ಬ ಪತ್ರಿಕೆಯವನು ಗೇಲಿ ಮಾಡಿದ. ಅದೇ ಚಿತ್ರ ನೋಡಿ ಕಾದಂಬರಿಕಾರ ಜೋಲಾ, ನಮ್ಮ ಅಪ್ಪಂದಿರು ಕಾಡು ನದಿಗಳಲ್ಲಿ ಕಂಡ ಕಾವ್ಯವನ್ನು ನಮ್ಮ ಚಿತ್ರಕಾರರು ಸ್ಟೇಷನ್‌ಗಳಲ್ಲಿ ಕಾಣಬೇಕು ಅನ್ನೋ ಅರ್ಥದಲ್ಲಿ ಬರೆದ.

ಈಗ ನೀವು ಜಾಸ್ತಿ ತಲೆ ಕೆಡಿಸಿಕೊಂಡಿರುವ ಹಬೆಗೆ ಬರೋಣ.

ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿರುವ ಸೇಂಟ್ ಲಜಾರ್ ಚಿತ್ರವನ್ನು ಮೊಬೈಲ್‌ನಲ್ಲಿ ದೊಡ್ಡದು ಮಾಡಿ ಇಟ್ಟುಕೊಳ್ಳಿ. ಕೈಬಾಟ್ ತಾನೇ ಕೊಂಡು, ಸಾಯುವಾಗ ಸರ್ಕಾರಕ್ಕೆ ಬಿಟ್ಟುಹೋದದ್ದು ಇದೇ. ಮೇಲೆ ದೊಡ್ಡ ತ್ರಿಕೋನದ ಛಾವಣಿ. ಇಂಜಿನಿಯರ್ ಯೂಜೀನ್ ಫ್ಲಾಷಾ 1850ರ ದಶಕದ ಮೊದಲಲ್ಲಿ ಕಟ್ಟಿಸಿದ್ದು, ನಡುವೆ ಕಂಬವಿಲ್ಲದೆ 40 ಮೀಟರ್ ಅಗಲ, ಕಬ್ಬಿಣ ಮತ್ತು ಗಾಜು. ಮಧ್ಯದಲ್ಲಿ ಇಂಜಿನ್, ಅಷ್ಟೇನೂ ದೊಡ್ಡದಲ್ಲ. ಹಿಂದೆ ಬಿಸಿಲಲ್ಲಿ ಹೊಸ ಕಟ್ಟಡಗಳು, ಹಳಿಗಳ ಮೇಲೆ ಹಾದುಹೋಗುವ ಯುರೋಪ್ ಸೇತುವೆಯ ಕಬ್ಬಿಣದ ಜಾಲರಿ. ಈಗ ಹಬೆಯನ್ನಷ್ಟೇ ನೋಡಿ. ಅದು ಬಿಳಿ ಅಲ್ಲ. ಛಾವಣಿಯ ನೆರಳಿನ ಕೆಳಗೆ ಅದು ನೀಲಿ. ಹೊರಗಿನ ಬೆಳಕಿಗೆ ಹೋಗುತ್ತಿದ್ದ ಹಾಗೆ ತಿಳಿಯಾಗಿ ಕಟ್ಟಡದ ಹಳದಿಯ ಜೊತೆ ಕಲಸಿಹೋಗುತ್ತದೆ.

ಇದು ಅವನ ಮನಸ್ಸಿಗೆ ಬಂದ ಬಣ್ಣ ಅಲ್ಲ. ತೆಳುವಾದ ಹೊಗೆ ಕತ್ತಲೆಯ ಮುಂದೆ ಇದ್ದರೆ ನೀಲಿಯಾಗಿ, ಬೆಳಕಿನ ಮುಂದೆ ಇದ್ದರೆ ಕಂದಾಗಿ ಕಾಣುತ್ತದೆ, ಕಣಗಳು ಅಷ್ಟು ಸಣ್ಣ ಇರುವುದರಿಂದ ನೀಲಿ ಬೆಳಕನ್ನು ಜಾಸ್ತಿ ಚದುರಿಸುತ್ತವೆ. ಊದುಬತ್ತಿ ಹಚ್ಚಿ ಒಮ್ಮೆ ಕಪ್ಪು ಬಟ್ಟೆಯ ಮುಂದೆ, ಒಮ್ಮೆ ಕಿಟಕಿಯ ಮುಂದೆ ಹಿಡಿಯಿರಿ, ಗೊತ್ತಾಗುತ್ತದೆ. ಕಲ್ಲಿದ್ದಲ ಹೊಗೆ ಬೇರೆ, ಹಬೆ ಬೇರೆ. ಹಬೆ ಅಂತ ನಮಗೆ ಕಾಣುವುದು ತಣ್ಣಗಾಗಿ ಹನಿಯಾದ ನೀರು, ದಟ್ಟವಾಗಿದ್ದಾಗ ಬೆಳ್ಳಗೆ. ಎರಡೂ ಒಂದೇ ಸೂರಿನ ಕೆಳಗೆ ಸುತ್ತಿಕೊಂಡು, ಮೇಲಿನ ಗಾಜಿನಿಂದ ಬೆಳಕು ಬೀಳುತ್ತಿದ್ದರೆ ಗಾಳಿಗೇ ಬಣ್ಣ ಬಂದ ಹಾಗೆ. ಇನ್ನೊಂದು ವಿಷಯ ಯಾರೂ ಹೇಳೋದಿಲ್ಲ. ಅವನು ಈ ಕೆಲಸ ಮಾಡಿದ್ದು ವರ್ಷದ ಮೊದಲ ತಿಂಗಳುಗಳಲ್ಲಿ, ಪ್ಯಾರಿಸ್ಸಿನ ಚಳಿಯಲ್ಲಿ. ಚಳಿ ಗಾಳಿಯಲ್ಲಿ ಹಬೆ ಬೇಗ ಕರಗೋದಿಲ್ಲ, ದಪ್ಪಗೆ ನಿಲ್ಲುತ್ತದೆ. ಸೂರ್ಯನೂ ಕೆಳಗಿರುತ್ತಾನೆ. ಅದೇ ಜೂನ್‌ನಲ್ಲಿ ಕೂತಿದ್ದರೆ ಅರ್ಧದಷ್ಟೂ ಸಿಗುತ್ತಿರಲಿಲ್ಲ.

ಹಾಗಾದರೆ ಅವನು ಬಿಡಿಸಿದ್ದು ರೈಲನ್ನಲ್ಲ, ಸೂರಿನ ಕೆಳಗೆ ಸಿಕ್ಕಿಹಾಕಿಕೊಂಡ ಬೆಳಕನ್ನು. ಹಳಿಗಳನ್ನು ಎಷ್ಟು ಉಡಾಫೆಯಿಂದ ಗೀಚಿದ್ದಾನೆ ನೋಡಿ, ಆ ಹಳಿಯ ಮೇಲೆ ಗಾಡಿ ಓಡಿಸಿದರೆ ಪಕ್ಕಕ್ಕೆ ಉರುಳುತ್ತದೆ. ಜರ್ಮನಿಯ ಹ್ಯಾನೋವರ್ ಮ್ಯೂಸಿಯಂನಲ್ಲಿರುವ ಇನ್ನೊಂದರಲ್ಲಂತೂ ರೈಲಿಗೆ ಬೆಲೆಯೇ ಇಲ್ಲ. ಎದುರಿಗೇ ದೊಡ್ಡ ದುಂಡನೆಯ ಸಿಗ್ನಲ್ ತಟ್ಟೆ, ನೋಡುವವರ ಕಣ್ಣಿಗೆ ಅಡ್ಡ, ಉಳಿದದ್ದೆಲ್ಲಾ ಮುಸುಕು. ಪ್ರವಾಸದ ಪೋಸ್ಟ್‌ಕಾರ್ಡ್ ಮಾಡುವವನು ಆ ಸಿಗ್ನಲ್ಲನ್ನು ಮೊದಲು ಕಿತ್ತುಹಾಕುತ್ತಿದ್ದ. ಹದಿನೈದು ವರ್ಷ ಮುಂಚೆ, 1862ರಲ್ಲಿ, ಇಂಗ್ಲೆಂಡಿನ ವಿಲಿಯಂ ಫ್ರಿತ್ ಲಂಡನ್ನಿನ ಪ್ಯಾಡಿಂಗ್‌ಟನ್ ಸ್ಟೇಷನ್ ಬಿಡಿಸಿದ್ದ. ಅಲ್ಲಿ ಮದುವೆ ದಿಬ್ಬಣ ಇದೆ, ಶಾಲೆಗೆ ಹೊರಟ ಹುಡುಗರಿದ್ದಾರೆ, ಪೊಲೀಸರು ಹಿಡಿಯುತ್ತಿರುವ ಅಪರಾಧಿ ಇದ್ದಾನೆ, ಒಂದೊಂದು ಮೂಲೆಯಲ್ಲಿ ಒಂದೊಂದು ಕತೆ. ಮೋನೆಯ ಸ್ಟೇಷನ್‌ನಲ್ಲಿ ಕತೆಯೇ ಇಲ್ಲ. ಯಾರು ಎಲ್ಲಿಗೆ ಹೊರಟರು ಅಂತ ಅವನಿಗೆ ಬೇಕಾಗಿಯೂ ಇಲ್ಲ.

ಹಬೆ ಇಲ್ಲದೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ರೈಲನ್ನೇ ಬಿಟ್ಟು, ಹಬೆಯನ್ನು ಹಿಂದಕ್ಕೆ ತಳ್ಳಿ ಬಿಡಿಸಿದವರು ಆಗಲೇ ಇದ್ದಾರೆ. ಎದುವಾರ್ ಮಾನೆ (ಇವನು ಬೇರೆ ಮನುಷ್ಯ, ಹೆಸರು ಹತ್ತಿರ ಇದೆ ಅಷ್ಟೆ) 1873ರಲ್ಲಿ ಇದೇ ಸೇಂಟ್ ಲಜಾರ್ ಪಕ್ಕದಲ್ಲಿ ‘ರೈಲ್ವೆ’ ಅಂತ ಒಂದು ಚಿತ್ರ ಮಾಡಿದ, ಈಗ ವಾಷಿಂಗ್‌ಟನ್‌ನಲ್ಲಿದೆ. ಅದರಲ್ಲಿ ರೈಲೇ ಇಲ್ಲ! ಕಪ್ಪು ಕಬ್ಬಿಣದ ಕಂಬಿಗಳ ಸಾಲು, ಒಬ್ಬಳು ಹೆಂಗಸು ಪುಸ್ತಕ ಹಿಡಿದು ನಮ್ಮನ್ನು ನೋಡುತ್ತಾಳೆ, ತೊಡೆಯ ಮೇಲೆ ನಾಯಿಮರಿ. ಪಕ್ಕದ ಹುಡುಗಿ ನಮಗೆ ಬೆನ್ನು ಹಾಕಿ ಕಂಬಿ ಹಿಡಿದು ಆಚೆ ನೋಡುತ್ತಾಳೆ. ಆಚೆ ಬರೀ ಬಿಳಿ ಹಬೆ. ಜನ ನಕ್ಕರು, ವ್ಯಂಗ್ಯಚಿತ್ರ ಬರೆದರು. ಕೈಬಾಟ್ 1876ರಲ್ಲಿ ಸ್ಟೇಷನ್ ಮೇಲಿನ ಯುರೋಪ್ ಸೇತುವೆಯನ್ನು ಬಿಡಿಸಿದಾಗ ಸೇತುವೆಯ ಮೇಲಿನ ಜನ ಮತ್ತು ದಪ್ಪ ಕಬ್ಬಿಣಕ್ಕೇ ಮಹತ್ವ ಕೊಟ್ಟ.

ನಿಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರೋದು ಇದೇ ಗುಂಪಿನ ಇನ್ನೊಬ್ಬ ಚಿತ್ರಕಾರ ಪಿಸ್ಸಾರೊ. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಗೂ ಆದ ಯುದ್ಧದ ಹೊತ್ತಿಗೆ ಲಂಡನ್ನಿಗೆ ಓಡಿಹೋಗಿದ್ದವನು 1871ರಲ್ಲಿ ಅಲ್ಲಿನ ಲಾರ್ಡ್‌ಶಿಪ್ ಲೇನ್ ಅನ್ನೋ ಸಣ್ಣ ಸ್ಟೇಷನ್ ಬಿಡಿಸಿದ. ನಿಂತದ್ದು ಹಳಿಯ ಮೇಲಿನ ಪಾದಚಾರಿ ಸೇತುವೆಯ ಮೇಲೆ. ಮೋಡದ ದಿನ, ಹಸಿ ದಿಬ್ಬ, ದೂರದಲ್ಲಿ ಹೆಬ್ಬೆರಳಷ್ಟು ಇಂಜಿನ್, ಚೂರೇ ಚೂರು ಹೊಗೆ. ಚಿತ್ರವನ್ನು ಪರೀಕ್ಷೆ ಮಾಡಿದಾಗ ಬಲಗಡೆಯ ಹುಲ್ಲಿನಲ್ಲಿ ಕುಡುಗೋಲು ಹಿಡಿದ ಒಬ್ಬ ಮನುಷ್ಯ ಬಣ್ಣದ ಅಡಿಯಲ್ಲಿ ಸಿಕ್ಕಿದ. ಪಿಸ್ಸಾರೊ ಅವನನ್ನು ಮೊದಲು ಬಿಡಿಸಿ, ಆಮೇಲೆ ಮುಚ್ಚಿಬಿಟ್ಟ. ಆ ಮನುಷ್ಯ ಇದ್ದಿದ್ದರೆ ಅದು ರೈತನ ಚಿತ್ರ ಆಗುತ್ತಿತ್ತು, ರೈಲು ಬಂದು ಅವನ ಬದುಕು ಹೇಗಾಯಿತೋ ಅಂತ ನಾವು ಮರುಗುತ್ತಾ ಕೂರುತ್ತಿದ್ದೆವು. ಈಗ ಅದು ಒಂದು ಮಂಕು ಮಧ್ಯಾಹ್ನ, ಅಷ್ಟೆ. ನನಗೆ ಸೇಂಟ್ ಲಜಾರ್‌ಗಿಂತ ಇದೇ ಇಷ್ಟ, ಜನ ಒಪ್ಪೋದಿಲ್ಲ.

ಇನ್ನೊಂದು ತಮಾಷೆ. ಮೋನೆಯ ಚಿತ್ರ ತೂಗುಹಾಕಿರುವ ಓರ್ಸೆ ಮ್ಯೂಸಿಯಂ ಇದೆಯಲ್ಲ, ಅದೇ ಒಂದು ರೈಲ್ವೆ ಸ್ಟೇಷನ್. 1900ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಅಂತ ಕಟ್ಟಿದ್ದು, ಮೊದಲಿನಿಂದಲೇ ಕರೆಂಟ್ ರೈಲು, ಹೊಗೆಯ ಗಲಾಟೆಯೇ ಇರಲಿಲ್ಲ. ಗಾಡಿಗಳು ಉದ್ದವಾದ ಹಾಗೆ ಪ್ಲಾಟ್‌ಫಾರ್ಮ್ ಸಾಲದೆ 1939ಕ್ಕೆ ದೂರದ ರೈಲು ನಿಂತವು, 1986ರಲ್ಲಿ ಮ್ಯೂಸಿಯಂ ಆಯಿತು.

ಇಂಪ್ರೆಷನಿಸ್ಟರು ಸ್ಟೇಷನ್ ಹಿಂದೆ ಯಾಕೆ ಬಿದ್ದರು ಅಂತ ದೊಡ್ಡ ದೊಡ್ಡ ಸಿದ್ಧಾಂತ ಓದಿರುತ್ತೀರಿ, ಆಧುನಿಕತೆ, ಯಂತ್ರಯುಗ ಅಂತೆಲ್ಲಾ. ಸುಳ್ಳಲ್ಲ. ಆದರೆ ಸುಮ್ನೆ ನಕ್ಷೆ ತೆಗೆದು ನೋಡಿ. ಮಾನೆಯ ಸ್ಟುಡಿಯೋ ಸ್ಟೇಷನ್ ಹಿಂಬದಿಯ ಸೇಂಟ್ ಪೀಟರ್ಸ್‌ಬರ್ಗ್ ರಸ್ತೆಯಲ್ಲಿ. ಕೈಬಾಟ್ ಮನೆ ನಡೆದು ಹೋಗುವಷ್ಟು ಹತ್ತಿರ. ಮೋನೆ ಅರ್ಜಾಂತೈಗೆ ಹೋಗಿಬರುತ್ತಿದ್ದುದು ಇದೇ ಸ್ಟೇಷನ್ನಿಂದ. ಅವರೆಲ್ಲಾ ನದಿ ದಂಡೆಯ ಚಿತ್ರ ಮಾಡಲು ಹೋಗುತ್ತಿದ್ದ ಊರುಗಳಿಗೆ ರೈಲು ಇಲ್ಲಿಂದಲೇ. ಅವರಿಗೆ ಅದು ಮನೆ ಬಾಗಿಲ ವಿಷಯ, ನಿಮಗೆ ಹುಬ್ಬಳ್ಳಿ ಇದ್ದ ಹಾಗೆ.

ಕಪ್ಪು ಬಣ್ಣದ ಮಾತು ಬೇಗ ಮುಗಿಸ್ತೀನಿ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಸೇಂಟ್ ಲಜಾರ್ ಚಿತ್ರದ ಬಣ್ಣ ಪರೀಕ್ಷೆ ಮಾಡಿದಾಗ ಛಾವಣಿಯ ಕತ್ತಲೆ ಬಹುಪಾಲು ಕಪ್ಪಿನಿಂದ ಆಗಿರಲಿಲ್ಲ, ಕೋಬಾಲ್ಟ್ ನೀಲಿ, ಅಲ್ಟ್ರಾಮರೀನ್, ಹಸಿರು, ಕೆಂಪು ಎಲ್ಲಾ ಕಲಸಿ ಬಂದ ಕತ್ತಲೆ ಅದು. ಹಾಗಂತ ಕಪ್ಪು ಪಾಪ ಅಲ್ಲ. ಮಾನೆಯ ಆ ಕಂಬಿಗಳನ್ನು ನೋಡಿ, ಹೆಂಗಸಿನ ಕುತ್ತಿಗೆಯ ರಿಬ್ಬನ್ ನೋಡಿ. ನಿಮ್ಮ ಫೋಟೋ ಚಿತ್ರಗಳು ಸಪ್ಪೆಯಾಗಿರಲು ಕಾರಣ ಟ್ಯೂಬಿನಲ್ಲಿರುವ ಕಪ್ಪು ಅಲ್ಲ, ಕ್ಯಾಮೆರಾದ ಕಪ್ಪು. ಹೊರಗೆ ಬಿಸಿಲು, ಒಳಗೆ ನೆರಳು ಇದ್ದಾಗ ಮೊಬೈಲ್ ಒಂದು ಕಡೆ ಬಿಟ್ಟುಕೊಡುತ್ತದೆ. ನೆರಳನ್ನು ಮುಚ್ಚಿಹಾಕುತ್ತದೆ, ಇಲ್ಲವೇ ಆಕಾಶವನ್ನು ಸುಣ್ಣದ ಗೋಡೆ ಮಾಡುತ್ತದೆ. ಕಣ್ಣು ಎರಡನ್ನೂ ನೋಡುತ್ತದೆ. ನೀವು ಫೋಟೋ ನಂಬಿ ಸತ್ತ ನೆರಳನ್ನೇ ನಕಲು ಮಾಡಿದ್ದೀರಿ.

ಏನು ಮಾಡಬಹುದು ಅಂದರೆ, ಪ್ಲಾಟ್‌ಫಾರ್ಮ್‌ನಲ್ಲೇ ಈಸೆಲ್ ಹಾಕಿ ಕೂರಬಹುದು. ಬಣ್ಣ ಸರಿಯಾಗಿ ಸಿಗುವುದು ಹಾಗೆಯೇ. ಆದರೆ ಅದು ಸುಲಭ ಇಲ್ಲ. ಪ್ಲಾಟ್‌ಫಾರ್ಮ್ ಟಿಕೆಟ್ ಎರಡು ಗಂಟೆಗೆ ಮಾತ್ರ. ಸಾಮಾನು ಹರಡುವ ಮುಂಚೆ ಸ್ಟೇಷನ್ ಅಧಿಕಾರಿಗಳಿಗೆ ಒಂದು ಅರ್ಜಿ ಬರೆದು, ನಿಮ್ಮ ಎರಡು ಚಿತ್ರದ ಜೆರಾಕ್ಸ್ ಜೊತೆಗೆ ಕೊಡಿ, ಬೆತ್ತ ಬೇಡ. ಸಿಕ್ಕಿದರೂ ಜನ ಸುತ್ತುಗಟ್ಟುತ್ತಾರೆ, ಅಡ್ಡ ನಿಲ್ಲುತ್ತಾರೆ, ಇದು ಏನ್ ಸರ್ ಅಂತ ಕೇಳುತ್ತಾರೆ. ಸಿಟ್ಟಾಗುವ ಸ್ವಭಾವ ಇದ್ದರೆ ಈ ದಾರಿ ಬೇಡ.

ಬರೀ ಫೋಟೋ ಇಟ್ಟುಕೊಂಡು ಮನೆಯಲ್ಲಿ ಮಾಡುವುದು ಆರಾಮ, ಅದರ ಅಪಾಯ ಹೇಳಿಯಾಗಿದೆ. ಮೋನೆಯದನ್ನೇ ನಕಲು ಮಾಡಿ ಕಲಿಯುವುದೂ ಒಂದು ದಾರಿ, ತಪ್ಪೇನಿಲ್ಲ. ಶಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟ್ ತನ್ನಲ್ಲಿರುವ ಸೇಂಟ್ ಲಜಾರ್ ಚಿತ್ರದ ದೊಡ್ಡ ಫೋಟೋವನ್ನು ಪುಕ್ಕಟೆ ಕೊಡುತ್ತದೆ. ಗೂಗಲ್‌ನಲ್ಲಿ ಸಿಕ್ಕ ಸಿಕ್ಕ ಪ್ರತಿ ನೋಡಬೇಡಿ, ಒಂದರಲ್ಲಿ ಎಲ್ಲಾ ಹಳದಿ, ಇನ್ನೊಂದರಲ್ಲಿ ಎಲ್ಲಾ ನೀಲಿ. ಆದರೆ ನಕಲು ಒಂದೆರಡಕ್ಕೆ ನಿಲ್ಲಿಸಿ. ಇಲ್ಲದಿದ್ದರೆ ಹುಬ್ಬಳ್ಳಿಯಲ್ಲೂ ನಿಮಗೆ ಇಲ್ಲದ ಹಬೆ ಕಾಣಲು ಶುರುವಾಗುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಮೋನೆಯ ಹಾಗೆ ಎರಡು ಕಡೆ ಕೆಲಸ ಮಾಡುತ್ತೇನೆ. ಸ್ಟೇಷನ್‌ನಲ್ಲಿ ಪೆನ್ಸಿಲ್ಲು ಮತ್ತು ಅಂಗೈಯಷ್ಟು ಜಲವರ್ಣದ ಡಬ್ಬಿ. ರೂಪಕ್ಕೆ ಪೆನ್ಸಿಲ್, ಬಣ್ಣಕ್ಕೆ ನಾಲ್ಕು ತೇಪೆ: ಆಕಾಶ, ಸೂರಿನ ಕೆಳಗಿನ ನೆರಳು, ಬಿಸಿಲು ಬಿದ್ದ ನೆಲ, ನಿಂತ ಗಾಡಿಯ ಪಕ್ಕೆ. ಪಕ್ಕದಲ್ಲೇ ಗಂಟೆ ಬರೆಯಿರಿ, ಯಾವುದು ಯಾವುದಕ್ಕಿಂತ ತಿಳಿ ಅಂತ ಬರೆಯಿರಿ. ಎಣ್ಣೆಬಣ್ಣ ಮನೆಯಲ್ಲಿ. ಫೋಟೋ ಇರಲಿ, ಕಂಬ ಎಷ್ಟು ಅಂತ ಎಣಿಸಲು ಮಾತ್ರ ಅದನ್ನು ತೆಗೆಯಿರಿ. ಈ ದಾರಿಯ ತೊಂದರೆ ಅಂದರೆ ನೆನಪು ಮೋಸ ಮಾಡುತ್ತದೆ, ವಾರ ಬಿಟ್ಟು ಕುಂಚ ಹಿಡಿದರೆ ನಿಮಗೆ ರೂಢಿಯಾದ ಬಣ್ಣವೇ ಕೈಗೆ ಬರುತ್ತದೆ. ಅದೇ ರಾತ್ರಿ, ತಪ್ಪಿದರೆ ಮರುದಿನ ಕೂರಬೇಕು. ಬ್ಯಾಂಕ್ ಕೆಲಸದ ಜೊತೆ ಇದು ಕಷ್ಟವೇ.

ಹಬೆಯ ಬದಲು ಏನು ಹುಡುಕಬೇಕು ಅಂದರೆ, ನಿಮ್ಮ ಸ್ಟೇಷನ್‌ನಲ್ಲಿ ಬೆಳಕನ್ನು ಯಾವುದು ಕೆಡಿಸುತ್ತದೆ ಅಂತ ನೋಡಿ. ಬೇಸಿಗೆಯಲ್ಲಿ ಗಾಡಿ ಬಂದಾಗ ಏಳುವ ಧೂಳು, ಚಳಿಗಾಲದ ಬೆಳಗಿನ ಮಂಜು, ಮಳೆ ನಿಂತ ಮೇಲೆ ಒದ್ದೆ ನೆಲದಲ್ಲಿ ಕಾಣುವ ದೀಪ. ತಲೆ ಮೇಲಿನ ವಿದ್ಯುತ್ ತಂತಿಗಳನ್ನು ಅಂದಗೆಡಿಸುತ್ತವೆ ಅಂತ ಬಿಟ್ಟುಬಿಡುವವರೇ ಜಾಸ್ತಿ, ನೀವು ಬಿಡಬೇಡಿ. ಹ್ಯಾನೋವರ್‌ನ ಸಿಗ್ನಲ್ ತಟ್ಟೆ ನೆನಪಿರಲಿ. ಹುಬ್ಬಳ್ಳಿಗೆ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಬಂದು 2023ರಲ್ಲಿ ದೊಡ್ಡ ಸುದ್ದಿಯಾಯಿತು. ಅದನ್ನೆಲ್ಲಾ ಹಿಡಿಯಲು ಹೋಗಬೇಡಿ. ಸೂರು ಮುಗಿದು ಬಿಸಿಲು ಶುರುವಾಗುವ ಒಂದು ಜಾಗ ಆರಿಸಿಕೊಳ್ಳಿ. ಪಾದಚಾರಿ ಸೇತುವೆಯ ಮೇಲಿಂದ ಒಂದು ಸ್ಕೆಚ್ ಮಾಡಿ, ಕೆಳಗಿನಿಂದ ಒಂದು ಮಾಡಿ. ಸರಣಿ ಅಂದ ತಕ್ಷಣ ಒಂದೇ ಕೋನ ಅಂತ ಇಲ್ಲ. ಬಣವೆಗಳ ಚಿತ್ರದಲ್ಲಿ ಮೋನೆ ಹಾಗೆ ಮಾಡಿದ್ದು 1890ರ ಹೊತ್ತಿಗೆ, ಸೇಂಟ್ ಲಜಾರ್‌ನಲ್ಲಿ ಅವನು ಒಳಗೆ, ಹೊರಗೆ, ಸೇತುವೆ ಕೆಳಗೆ ಅಂತ ಜಾಗ ಬದಲಿಸುತ್ತಲೇ ಇದ್ದ.

ಕೊನೆಗೆ ಒಂದು, ಇದನ್ನು ಮರೆಯುವವರು ಜಾಸ್ತಿ. ಎಣ್ಣೆಬಣ್ಣ ಒಯ್ಯುವ ಮನಸ್ಸಾದರೂ ಟರ್ಪಂಟೈನ್ ಬಾಟಲಿ ಮಾತ್ರ ಚೀಲದಲ್ಲಿ ಇಟ್ಟುಕೊಳ್ಳಬೇಡಿ. ಅದು ಬೆಂಕಿ ಹಿಡಿಯುವ ವಸ್ತು, ರೈಲ್ವೆಯವರು ಕಂಡರೆ ಚಿತ್ರ, ಅರ್ಜಿ ಏನನ್ನೂ ಕೇಳೋದಿಲ್ಲ.